ಅಣ್ಣನ ಬೆನ್ನಿಗೆ ಸೋಕಿದ ಕಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಅದೊಂದು ದೊಡ್ಡ ಅರ್ಹತೆ. ಯಾರ ಬೆನ್ನು ಹಿಡಿದುಕೊಂಡರೂ ನಮ್ಮ ಮನೆಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು. ನಾನು ಎಡಗಾಲಿನಿಂದ ಒದೆಯಬೇಕು, ಒದ್ದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ಅವರ ನಂಬಿಕೆ. ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮೇಲೂ ಈ ಉಸಾಬರಿ ತಪ್ಪಲಿಲ್ಲ. ತವರಿಗೆ ಬಂದು ಚಹಾ ಕುಡಿಯುವುದರೊಳಗೆ ಯಾರೋ ಒಬ್ಬರು ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಅವರಿಗೆ ಕಡಿಮೆಯಾಗುತ್ತಿತ್ತು, ಏನು ಮಾಡುವುದು!

ಅಣ್ಣನದು ಮೆಣಸಿನಕಾಯಿ ದಲಾಲಿ ಅಂಗಡಿ. ಮನೆಮನೆಗೆ ಮೊಬೈಲ್ ಬರತೊಡಗಿದ್ದ ವರ್ಷ, ಸೀಜನ್ನಿನ ನಡುವೆ ಅವನ ಬೆನ್ನು ಹಿಡಿಯಿತು. ಚೀಲ ಎತ್ತಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಅವನು ಚೀಲ ಎತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅವ್ವ ಫೋನ್ ಮಾಡಿ ನನ್ನನ್ನು ಕರೆಸಿದಳು.

ಅಣ್ಣ ಚೌಕಟ್ಟು ಹಿಡಿದು ನಿಂತ. ಅಂಗಿ ಜೋತು ಬಿದ್ದಿತ್ತು, ಮುಖ ಬಿಳುಚಿತ್ತು. ನನಗೆ ಹೆದರಿಕೆಯಾಯಿತು. ಕಾಲನ್ನು ಬೆನ್ನಿಗೆ ಸೋಕಿಸಿ ತೆಗೆದೆ, ಅಷ್ಟೇ.

"ಜೋರ ಒದಿಯವ್ವಾ, ಅದೇನ ಹೂವು ಏರಸಾಕತ್ತೀಯೇನ?" ಎಂದಳು ಅವ್ವ.

"ಮೊದಲ ದವಾಖಾನಿಗೆ ನಡಿ ಅಣ್ಣಾ. ನಿನ್ನ ಮಾರಿ ನೋಡಾಕ ಆಗವಲ್ದು," ಎಂದೆ.

ಹಾವೇರಿಯಲ್ಲಿ ರಕ್ತ ನೋಡಿದವರು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿಯ ಡಾಕ್ಟರು ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದರು: ಎಲುಬಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕಣಗಳು ಕ್ಯಾನ್ಸರ್ ಆಗಿವೆ, ಮಜ್ಜೆ ದಾಟಿ ರಕ್ತಕ್ಕೂ ಲಿವರಿಗೂ ಹರಡಿವೆ, ಇದು ಬಹಳ ಅಪರೂಪದ್ದು, ಬಹಳ ಜೋರಿನದು. ಬೆನ್ನೆಲುಬು ಒಳಗೇ ಸವೆದು ಟೊಳ್ಳಾಗಿದೆ, ಸಣ್ಣ ಪೆಟ್ಟು ಬಿದ್ದರೂ ಮುರಿಯುತ್ತದೆ. ನಾನು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಅಪರೂಪದ ಮಾಲು ನಮ್ಮ ಅಂಗಡಿಗೇ ಬರಬೇಕಿತ್ತೇನ್ರಿ?" ಎಂದ ಅಣ್ಣ. ಡಾಕ್ಟರು ನಗಲಿಲ್ಲ.

ಹೊರಗೆ ಬಂದು ನನ್ನ ಕೈ ಹಿಡಿದುಕೊಂಡ. "ಎಲುಬು ಟೊಳ್ಳಾಗೇತಿ ಅಂತ ಅವ್ವಗ ಹೇಳಬ್ಯಾಡ. ಜೋರ ಒದಿ ಅಂದಾಕಿ ಆಕಿ. ಅದನ್ನ ಮನಸಿಗೆ ಹಚಗೊಂಡು ಕುಂದರ್ತಾಳ. ರಕ್ತ ಕಡಿಮಿ ಐತಿ ಅನ್ನು, ಸಾಕು."

ಹಾಗೆಯೇ ಹೇಳಿದೆ. ಅವ್ವ ದಿನಾ ಬೀಟ್‌ರೂಟ್ ಪಲ್ಯ ಮಾಡಿದಳು. ಅಣ್ಣ ಮುಖ ಕಿವುಚಿಕೊಂಡು ತಿಂದ. ಅವನಿಗೆ ಅದು ಹುಟ್ಟಿದಾಗಿನಿಂದ ಸೇರುತ್ತಿರಲಿಲ್ಲ. ಔಷಧಿ ತಾಗಿ ಒಂದಿಷ್ಟು ದಿನ ಅಂಗಡಿಗೂ ಹೋಗಿ ಕುಳಿತ. ಆಮೇಲೆ ಬೇನೆ ಮತ್ತೆ ಏರಿತು. ಮುಂದಿನ ಸೀಜನ್ನಿಗೆ ಅಣ್ಣ ಇರಲಿಲ್ಲ.

ದಿವಸದ ಕಾರ್ಯ ಮುಗಿಸಿ ನಾನು ರಾಣೆಬೆನ್ನೂರಿಗೆ ಹೊರಟಾಗ ಅವ್ವ ಬಸ್ ಸ್ಟ್ಯಾಂಡಿನ ತನಕ ಬಂದಳು. ಬಸ್ಸು ಬಂದ ಮೇಲೆ ಬಾಯಿ ಬಿಟ್ಟಳು.

"ಊರ ಮಂದಿಗೆಲ್ಲಾ ಜೋರ ಒದ್ದಿ. ನಿಮ್ಮಣ್ಣ ಒಬ್ಬಾಂವಗ ಸುಳ್ಳಸುಳ್ಳ ಕಾಲು ಹಚ್ಚಿದಿ. ಅವತ್ತ ನೀ ಸರಿಯಾಗಿ ಒದ್ದಿದ್ದರ ನನ್ನ ಮಗ ಉಳೀತಿದ್ದ."

ಅವ್ವನ ಮುಖ ನೋಡಿದೆ.

"ಹೌದವ್ವಾ," ಎಂದೆ. "ತಪ್ಪಾತು."