ಆಟದೊಳಗಿನ ಭಾವ

ಚಿಪಾಟಾ ಊರಿನ ಕಪಾಟಾ ಕೇರಿಯಲ್ಲಿ ಸೈಕಲ್ ರಿಪೇರಿಗೆ ಜನ ಯೋತಾಮ್ ಜೆರೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೈಚಳಕ ಉಳಿದವರಿಗೂ ಇತ್ತು; ಕೆಲಸ ಮಾಡುವಾಗ ಉಪದೇಶ ಹೇಳದವನು ಇವನೊಬ್ಬನೇ. ಮಾವಿನ ಮರದ ಕೆಳಗೆ ಒಂದು ಪೆಟ್ಟಿಗೆ, ಒಂದು ಪಂಪು, ಒಂದು ಬೋಗುಣಿ ನೀರು. ಟ್ಯೂಬನ್ನು ಮುಳುಗಿಸಿ ಗುಳ್ಳೆ ಏಳುವುದನ್ನು ನೋಡುತ್ತ ಕೂತರೆ ಗಿರಾಕಿಯ ಕಷ್ಟಸುಖ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ಅಂತೂ ಹ್ಞೂಂ ಅನ್ನುತ್ತಿದ್ದ.

ಗಿರಾಕಿಯಿಲ್ಲದಾಗ ಫೋನಿನಲ್ಲಿ ಆಟ. ಫೋನು ಮಗಳು ತಮಾಂಡಾ ಬಳಸಿ ಬಿಟ್ಟದ್ದು. ಗಾಜು ಬಿರುಕು, ಹೊಟ್ಟೆ ತುಂಬ ಚರ್ಚಿನ ಹಾಡುಗಳು. ಪಡ್ಡೆ ಹುಡುಗರು ಆಡುವ ದೊಡ್ಡ ಆಟಗಳಿಗೆ ಅದರಲ್ಲಿ ಜಾಗವಿಲ್ಲ. ಈ ಆಟಕ್ಕೆ ಅಂಥ ರಗಳೆಯಿರಲಿಲ್ಲ. ಬ್ರೌಸರಿನಲ್ಲಿ ತನ್ನ ಹೆಸರು, ಊರು ಒತ್ತಿದರೆ ಸಾಕು. ಎಲ್ಲೆಲ್ಲಿಯದೋ ಜನ ಒಂದು ದ್ವೀಪಕ್ಕೆ ಇಳಿದು, ಸಿಕ್ಕಿದ ಬಂದೂಕು ಹಿಡಿದು, ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಸುತ್ತಲಿನ ಬೆಂಕಿಯ ಬಳೆ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನು ಗೆದ್ದ. ಯೋತಾಮ್ ಯಾವತ್ತೂ ಗೆದ್ದವನಲ್ಲ. ಇಳಿದ ಕೂಡಲೇ ಯಾವುದೋ ಮನೆಯ ಬಾಗಿಲು ತೆಗೆದು ನೆಂಟರ ಮನೆಗೆ ಬಂದವನ ಹಾಗೆ ನಿಲ್ಲುತ್ತಿದ್ದ, ಗುಂಡು ತಿನ್ನುತ್ತಿದ್ದ.

ಒಮ್ಮೆ ಹಾಗೆ ಅವನನ್ನು ಕೊಂದ ಆಟಗಾರ ಚಾಟ್‌ನಲ್ಲಿ ಬರೆದ: 'ಜೆರೆ ಅಂತ ಒಂದು ಇಲಿ ಸುಟ್ಟೆ.' ಬರೆದವನ ಹೆಸರು ಕಸೊಂಡೆ, ಊರು ಮ್ಪಿಕಾ. ಅಂದರೆ ಬೆಂಬಾ ಕುಲ. ಜೆರೆ ಎಂದರೆ ನ್ಗೋನಿ ಕುಲ ಎಂದು ಅವನಿಗೂ ತಿಳಿದಿತ್ತು. ಯೋತಾಮ್ ಟ್ಯೂಬು ಕೆಳಗಿಟ್ಟು ಒದ್ದೆ ಬೆರಳಿನಲ್ಲೇ ಉತ್ತರ ಕೊಟ್ಟ: 'ಕೋತಿ ತಿನ್ನೋ ಬಾಯಿಗೆ ಇಲಿ ರುಚಿ ಏನು ಗೊತ್ತು ಭಾವ.'

ಅಲ್ಲಿಗೆ ನಂಟು ಕುದುರಿತು. ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಕುಲಗಳು ಬಡಿದಾಡಿ ಸುಸ್ತಾಗಿ, ಇನ್ನು ಬಾಯಲ್ಲೇ ಬಡಿದಾಡೋಣ ಎಂದುಕೊಂಡವು. ಅಂದಿನಿಂದ ಎದುರು ಕುಲದವನೆಂದರೆ ಭಾವ; ನ್ಗೋನಿಗಳು ಇಲಿ ತಿನ್ನುವವರೆಂದು ಅವರ ಗೇಲಿ, ಬೆಂಬಾಗಳು ಕೋತಿ ತಿನ್ನುವವರೆಂದು ಇವರ ಗೇಲಿ. ಅವನು ಇವನ ಕೋಳಿ ಹಿಡಿದರೂ ಇವನು ಸಿಟ್ಟಾಗುವಂತಿಲ್ಲ. ಸಾವಿನ ಮನೆಯಲ್ಲಂತೂ ಎದುರು ಕುಲದವರು ಬಂದು ಹೆಣವನ್ನೂ ಬಿಡದೆ ಗೇಲಿ ಮಾಡಬೇಕು. ಅಳುವವರನ್ನು ನಗಿಸದಿದ್ದರೆ ಸತ್ತವರನ್ನು ಸರಿಯಾಗಿ ಕಳಿಸಿಕೊಟ್ಟಂತಾಗುವುದಿಲ್ಲ.

"ಯಾರವನು, ದಿನಾ ನಿನ್ನನ್ನ ಕೊಲ್ಲೋನು?" ಎಂದು ಹೆಂಡತಿ ಎಸ್ನಾತ್ ಕೇಳುತ್ತಿದ್ದಳು.

"ನನ್ನ ಭಾವ."

"ಮುಖ ನೋಡಿದ್ದೀಯಾ?"

"ಕೋತಿ ಮುಖ. ಅದರಲ್ಲಿ ನೋಡೋಕೇನಿದೆ?"

ಆ ವರ್ಷದ ಚಳಿಗಾಲದಲ್ಲಿ ಎಸ್ನಾತ್‌ಗೆ ಜ್ವರ ಎದೆಗಿಳಿಯಿತು; ಒಂದು ಬುಧವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಯೋತಾಮ್ ಅಳಲಿಲ್ಲ. ಅಂಗಳದ ಬೆಂಕಿಯ ಸುತ್ತ ಕೂತ ಗಂಡಸರ ನಡುವೆ ದಿಮ್ಮಿಯ ಮೇಲೆ ಕೂತವನು ಕೂತೇ ಇದ್ದ. ಕೊಟ್ಟ ನ್ಶಿಮಾ ಮುದ್ದೆ ಕೈಯಲ್ಲೇ ತಣ್ಣಗಾಯಿತು. ಕೇರಿಯಲ್ಲಿ ಬೆಂಬಾ ಮನೆಗಳೂ ಇದ್ದವು, ಆದರೆ ಹೊಸ ಪಾದ್ರಿಗೆ ಗೇಲಿ ಹಿಡಿಸುವುದಿಲ್ಲ. ಅವರು ಮೆಲ್ಲಗೆ ಬಂದು ಕೈಕುಲುಕಿ, ದೇವರ ಇಚ್ಛೆ ಎಂದು ಹೋದರು.

"ಇದೇನು ಸಾವಿನ ಮನೆಯೋ ಬ್ಯಾಂಕೋ," ಎಂದ ಯೋತಾಮ್. "ಒಬ್ಬ ಭಾವನೂ ಬಾಯಿ ಬಿಡ್ಲಿಲ್ಲ. ಅವಳನ್ನ ಹಿಂಗೇ ಕಳಿಸ್ಬೇಕಾ?"

ಗುರುವಾರ ಮಧ್ಯಾಹ್ನ ಅವನು ಆಟ ತೆರೆದ. ಹಿರಿಯರು ಮುಖ ಮುಖ ನೋಡಿಕೊಂಡರು. ಕಸೊಂಡೆ ಅಲ್ಲಿದ್ದ. ಯೋತಾಮ್ ಬರೆದ: 'ನನ್ನ ಹೆಂಡತಿ ಎಸ್ನಾತ್ ಹೋದಳು. ಶನಿವಾರ ಮಣ್ಣು. ಚಿಪಾಟಾ.'

ಉತ್ತರ ಬಂತು: 'ಒಳ್ಳೇದಾಯ್ತು. ಇಲಿ ಕದಿಯೋ ಕೈ ಒಂದು ಕಮ್ಮಿ. ನಾನಿಲ್ಲದೆ ಹೂಳಿದ್ರೆ ನಿನ್ನನ್ನೂ ಅದೇ ಗುಂಡಿಗೆ ತಳ್ತೀನಿ. ಮನೆ ಎಲ್ಲಿ?'

ಯೋತಾಮ್ ಮನೆಯ ಗುರುತು ಬರೆಯತೊಡಗಿದ. ಬೆರಳು ನಿಧಾನ. ಅಷ್ಟರಲ್ಲಿ ಯಾವುದೋ ದೂರದೇಶದ ಮೂರನೆಯ ಆಟಗಾರ ನಡುವೆ ಬಾಯಿ ಹಾಕಿದ: 'ಹೆಂಡತಿ ಸತ್ತವನಿಗೆ ಹೀಗೆ ಹೇಳುವುದೇ? ದೂರು ಕೊಟ್ಟಿದ್ದೇನೆ. ನೀವು ಧೈರ್ಯವಾಗಿರಿ.' ಅದರ ಬೆನ್ನಿಗೇ ಇನ್ನೊಂದು ಸಾಲು ಮೂಡಿತು: ಅಸಭ್ಯ ಮಾತಿಗಾಗಿ ಕಸೊಂಡೆಯನ್ನು ಆಟದಿಂದ ಹೊರಹಾಕಲಾಗಿದೆ.

'ಅವನು ನನ್ನ ಭಾವ,' ಎಂದು ಯೋತಾಮ್ ಬರೆದ.

'ಇನ್ನು ಅವನು ನಿಮ್ಮನ್ನು ಕಾಡುವುದಿಲ್ಲ,' ಎಂದಿತು ಆ ಪುಣ್ಯಾತ್ಮನ ಉತ್ತರ. ಒಳ್ಳೆಯವರು ಮಾಡುವ ಅನಾಹುತಕ್ಕೆ ಮದ್ದಿಲ್ಲ.

"ನಂಬರ್ ಇಲ್ವಾ ಅಪ್ಪಾ?" ಎಂದಳು ತಮಾಂಡಾ.

"ಕೇಳಿರ್ಲಿಲ್ಲ. ಕೇಳಿದ್ರೆ ಪ್ರೀತಿ ಇದೆ ಅಂದ್ಕೋತಾನೆ."

ಶನಿವಾರದವರೆಗೂ ಅವನು ಬೀದಿಯ ಕಡೆ ನೋಡುತ್ತಲೇ ಇದ್ದ. ಮ್ಪಿಕಾದಿಂದ ಬರಬೇಕೆಂದರೆ ರಾಜಧಾನಿ ಲುಸಾಕಾ ಸುತ್ತಿ ಬರಬೇಕು. ಬಂದರೂ ಇಷ್ಟು ದೊಡ್ಡ ಊರಿನಲ್ಲಿ ಯಾವ ಬಾಗಿಲು ತಟ್ಟುವುದು? ಮಣ್ಣಿನ ಹೊತ್ತಾಯಿತು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆಗೆ ಹಗ್ಗ ಹಾಕಿದರು.

ಆಗ ಗುಂಪನ್ನು ಮೊಣಕೈಯಲ್ಲಿ ಸರಿಸುತ್ತ ಒಬ್ಬಳು ದಪ್ಪನೆಯ ಮುದುಕಿ ಮುಂದೆ ಬಂದಳು. ಬೂಟು ಧೂಳು, ಕೈಯಲ್ಲಿ ಬಸ್ಸಿನ ಚೀಲ. ಗುಂಡಿಯ ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ಕಾಲು ಚಾಚಿ ಕೂತೇಬಿಟ್ಟಳು.

"ನಿಲ್ಸ್ರೋ. ಯಾರಪ್ಪಣೆ ಕೇಳಿ ಹೂಳ್ತಿದ್ದೀರಿ?"

"ನೀವು ಯಾರು ತಾಯಿ?" ಎಂದರು ಪಾದ್ರಿ.

"ಈ ಇಲಿಗಳ ಯಜಮಾನಿ. ಮ್ಪಿಕಾದ ಕಸೊಂಡೆ. ಬಸ್‌ಸ್ಟ್ಯಾಂಡಿನಿಂದ ಕಂಡಕಂಡ ಸೈಕಲ್‌ನೋರನ್ನೆಲ್ಲ ಕೇಳ್ಕೊಂಡು ಬಂದೆ, ಸೈಕಲ್ ರಿಪೇರಿ ಮಾಡೋ ಜೆರೆ ಅನ್ನೋ ಪೆದ್ದ ಎಲ್ಲಿದ್ದಾನೆ ಅಂತ. ಎಲ್ಲರಿಗೂ ಗೊತ್ತು."

ಹಿಂದೆ ಯಾರೋ ಕಿಸಕ್ಕೆಂದರು. ಇಷ್ಟು ದಿನ ಮೀಸೆಯ ಭಾವನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಯೋತಾಮ್ ಬಾಯಿ ತೆರೆದುಕೊಂಡು ನಿಂತಿದ್ದ. ಕಸೊಂಡೆ ಪೆಟ್ಟಿಗೆಯ ಕಡೆ ಬಾಗಿದಳು.

"ಎಸ್ನಾತ್, ಕೇಳೇ ಇಲ್ಲಿ. ನಿನ್ನ ಗಂಡನನ್ನ ಎಷ್ಟು ಸಲ ಕೊಂದಿದ್ದೀನಿ ನಾನು. ಒಂದಾಟದಲ್ಲೂ ಕೊನೇವರೆಗೆ ಉಳಿದೋನಲ್ಲ. ಇವತ್ತು ಉಳ್ಕೊಂಡಿದ್ದಾನೆ ನೋಡು." ಅವಳು ಯೋತಾಮನ ಕಡೆ ಬೆರಳು ತೋರಿಸಿ ಗುಂಪಿಗೆ ಕೇಳುವಂತೆ ಹೇಳಿದಳು. "ನೋಡ್ರಪ್ಪಾ, ಗೆದ್ದೋನ ಮುಖ ಹೆಂಗಿದೆ ಅಂತ."

ಯೋತಾಮ್ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ತಮಾಂಡಾ ನಕ್ಕಳು, ಹಗ್ಗ ಹಿಡಿದವರು ನಕ್ಕರು. ಆ ನಗುವಿನ ನಡುವೆಯೇ ಅವನಿಗೆ ಅಳು ಬಂತು. ಮೂರು ದಿನ ಬಾರದ ಅಳು, ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಕಸೊಂಡೆ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಣ್ಣಿನ ಗುಡ್ಡೆಯಿಂದ ಎದ್ದು ಹಗ್ಗದವರಿಗೆ ದಾರಿ ಬಿಟ್ಟಳು.