ನಾಯಿಯ ಎಡೆಗೆ ಬಾರದ ಕಾಗೆ

ನಮ್ಮ ನಾಯಿ ಸತ್ತ ಮೂರನೆಯ ದಿನ ಅಮ್ಮ ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈಕಾಲು ನಡುಗುತ್ತವೆ. ಆದರೆ ಮನುಷ್ಯರಿಗೆ ಮಾಡುವಂತೆಯೇ ನಾಯಿಗೂ ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಅದಕ್ಕೆ ಇಷ್ಟವಾದದ್ದನ್ನು ಎಡೆ ಇಟ್ಟು, ಆ ಎಡೆಯನ್ನು ಕಾಗೆ ಮುಟ್ಟಿದ ಮೇಲೆಯೇ ಊಟ ಎಂದು ಹಟ ಹಿಡಿದಿದ್ದಳು. ಕಾಗೆ ಮುಟ್ಟದಿದ್ದರೆ ಹೋದ ಜೀವಕ್ಕೆ ಏನೋ ಆಸೆ ಉಳಿದಿದೆ ಎಂದು ಅರ್ಥ.

ನಾನು ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವನು. ಎಲ್ಲದಕ್ಕೂ ಪುರಾವೆ ಕೇಳುವ ರೋಗ ಅಲ್ಲಿಂದಲೇ ಅಂಟಿದ್ದು. ಚಿಕ್ಕಬಳ್ಳಾಪುರದಿಂದ ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಬಂದು ಇಳಿದವನೇ, "ನಾಯಿಗೆ ಹಾಲುತುಪ್ಪ ಅಂತ ಯಾವ ಶಾಸ್ತ್ರದಲ್ಲಿದೆಯಮ್ಮ?" ಎಂದು ಕೇಳಿದೆ.

"ನೀನು ಓದಿದ್ರಲ್ಲಿ ಇಲ್ಲ ಬಿಡಪ್ಪ. ಹೋಗಿ ಆ ತೆಂಗಿನಕಾಯಿ ಸುಲಿ."

ಎಡೆಗೆ ಏನಿಡಬೇಕು ಎಂಬಲ್ಲೇ ಜಗಳ ಹತ್ತಿತು. ಅಮ್ಮ ಮುದ್ದೆ, ಕೋಳಿಸಾರು ಎಂದಳು. ಗೌರಿಬಿದನೂರಿನಿಂದ ಬಂದಿದ್ದ ತಂಗಿ ಹಾಲಲ್ಲಿ ಅದ್ದಿದ ರಸ್ಕು ಎಂದಳು. ಅಪ್ಪ ಯಾರನ್ನೂ ಕೇಳದೆ ಅಂಗಡಿಗೆ ಹೋಗಿ ಬಿಸ್ಕತ್ತು ತಂದರು. ನಾನು ಬಸ್ ಸ್ಟ್ಯಾಂಡಿನಿಂದ ನಿಪ್ಪಟ್ಟು ತಂದಿದ್ದೆ. ರಜೆಗೆ ಬಂದಾಗಲೆಲ್ಲ ನನ್ನ ಕೈಯ ನಿಪ್ಪಟ್ಟಿಗೆ ಅದು ಎದೆಯೆತ್ತರ ಹಾರುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ.

"ಅಣ್ಣ, ನಿಪ್ಪಟ್ಟು ತಿಂತಿದ್ದದ್ದು ಇದಕ್ಕಿಂತ ಮುಂಚೆ ಇದ್ದ ಕರಿ ನಾಯಿ ಕಣೋ," ಎಂದಳು ತಂಗಿ. "ಇದಕ್ಕೆ ನಿಪ್ಪಟ್ಟು ಕಂಡ್ರೇ ಆಗ್ತಿರ್ಲಿಲ್ಲ."

ನಾನು ವಾದಿಸಿದೆ. ಆದರೆ ಅಷ್ಟರಲ್ಲೇ ನನ್ನ ನೆನಪಿನಲ್ಲಿ ಹಾರುತ್ತಿದ್ದ ಕಂದು ನಾಯಿಯ ಬಾಲ ಕಪ್ಪಾಗತೊಡಗಿತ್ತು.

ಕೊನೆಗೆ ಎಲ್ಲವನ್ನೂ ಅದರದೇ ಸೊಟ್ಟ ಅಲ್ಯುಮಿನಿಯಂ ತಟ್ಟೆಯಲ್ಲಿ ಬಡಿಸಿ, ಹಿತ್ತಲ ಸೀತಾಫಲದ ಗಿಡದ ಕೆಳಗೆ, ಅದನ್ನು ಹೂತ ಜಾಗದಲ್ಲಿ ಇಟ್ಟು ಹಿಂಬಾಗಿಲ ಜಗಲಿಗೆ ಬಂದು ಕೂತೆವು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕಾಗೆಗಳು ಸಾಲಾಗಿ ಕೂತು ತಟ್ಟೆಯನ್ನೇ ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ.

"ಎಲ್ಲಿಂದ ಬರ್ತವೆ? ಇಷ್ಟು ವರ್ಷ ಅವುಗಳ್ನ ಓಡಿಸ್ದೋರು ಯಾರು?" ಎಂದರು ಅಪ್ಪ.

ಆಗಲೇ ನಮಗೆ ಹೊಳೆದದ್ದು. ಆ ನಾಯಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕೆಲಸ. ಹಿತ್ತಲಲ್ಲಿ ಒಣಹಾಕಿದ ಕಡಲೆಕಾಯಿ, ಸಂಡಿಗೆಗೆ ಕಾಗೆ ಇಳಿದರೆ ನಮ್ಮಲ್ಲಿ ಯಾರೋ ಒಬ್ಬರು ಕೂತಲ್ಲಿಂದಲೇ "ಛೂ!" ಅನ್ನುವುದು, ಅದು ಎಂಥ ನಿದ್ದೆಯಲ್ಲಿದ್ದರೂ ಬಾಗಿಲ ಬಳಿಯ ಗೋಣಿಚೀಲದಿಂದ ಎದ್ದು ಬಾಣದಂತೆ ನುಗ್ಗುವುದು. ಆ ತಟ್ಟೆಯ ಹತ್ತಿರವಂತೂ ಕಾಗೆಯ ನೆರಳು ಬಿದ್ದರೂ ಸಹಿಸುತ್ತಿರಲಿಲ್ಲ. ನಾವು ಪ್ರೀತಿಯಿಂದ ಅದೇ ತಟ್ಟೆಯಲ್ಲಿ ಕಾಗೆಗೆ ಊಟ ಇಟ್ಟು ಕಾಯುತ್ತಿದ್ದೆವು!

"ಬಾಳೆಎಲೆಗೆ ಹಾಕೋಣ," ಎಂದೆ.

"ಅದು ಯಾವತ್ತು ಎಲೇಲಿ ಉಂಡಿತ್ತು?" ಎಂದಳು ಅಮ್ಮ. ಅವಳ ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು. "ಏನೋ ಆಸೆ ಉಳಿಸ್ಕೊಂಡಿದೆ. ಎಲ್ರೂ ಒಂದೊಂದು ಮಾತು ಕೊಡಿ."

ಮೊದಲು ಅವಳೇ ಗಿಡದತ್ತ ಕೈ ಮುಗಿದಳು. "ನಾ ತಂಡ್ರಿ, ನನ್ನಪ್ಪ, ಇನ್ಮೇಲೆ ನಿಂಗೆ ಸ್ನಾನ ಮಾಡ್ಸಲ್ಲ." ಕಾಗೆಗಳು ಕದಲಲಿಲ್ಲ. "ನಿನ್ನ ಗೋಣಿಚೀಲ ಯಾರಿಗೂ ಕೊಡಲ್ಲ," ಎಂದರು ಅಪ್ಪ. ತಂಗಿ, "ನನ್ನ ಚಪ್ಪಲಿ ಕಚ್ಚಿದ್ದು ಕ್ಷಮಿಸಿದೀನಿ," ಎಂದಳು. ಮೂವರೂ ನನ್ನ ಕಡೆ ನೋಡಿದರು. ಪುರಾವೆ ಕೇಳುವವನು ಗಂಟಲು ಸರಿಮಾಡಿಕೊಂಡ.

"ನಿಪ್ಪಟ್ಟು ತಿಂದಿದ್ದು ನೀನೇ ಅಂತ ಒಪ್ಕೊಂಡ್ಬಿಡಪ್ಪ."

ನಗಬಾರದ ಹೊತ್ತಿನಲ್ಲಿ ತಂಗಿ ನಕ್ಕಳು. ಅಷ್ಟರಲ್ಲಿ ಒಂದು ಕಾಗೆ ಟ್ಯಾಂಕಿನಿಂದ ಕಾಂಪೌಂಡಿಗೆ, ಕಾಂಪೌಂಡಿನಿಂದ ನೆಲಕ್ಕೆ ಇಳಿಯಿತು. ನಾವು ಉಸಿರು ಬಿಗಿಹಿಡಿದೆವು. ಅದು ಬಾಗಿಲ ಕಡೆ ಕತ್ತು ಓರೆ ಮಾಡಿ ನೋಡಿತು. ಒಂದು ಹೆಜ್ಜೆ ಕುಪ್ಪಳಿಸಿತು, ಮತ್ತೆ ನೋಡಿತು. ತಟ್ಟೆಯ ಅಂಚಿಗೆ ಬಂದು, ನಿಪ್ಪಟ್ಟಿನ ಕಡೆಗೇ ಎಂದು ನನ್ನ ನಂಬಿಕೆ, ಇನ್ನೇನು ಕೊಕ್ಕು ಚಾಚಬೇಕು.

"ಛೂ!"

ನಮ್ಮಲ್ಲಿ ಯಾರದೋ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು. ಕಾಗೆ ಕಿರುಚಿಕೊಂಡು ಟ್ಯಾಂಕಿಗೆ ಹಾರಿತು. ನಾಲ್ವರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ಗೋಣಿಚೀಲದಲ್ಲಿ ಅದು ಮಲಗುತ್ತಿದ್ದ ಕಡೆ ತಗ್ಗು ಇನ್ನೂ ಹಾಗೇ ಇತ್ತು. ಯಾರೂ ಎದ್ದು ಓಡಿ ಬರಲಿಲ್ಲ.

ಆಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿದ್ರಾ, ಇವತ್ತಿಗೂ ಹೆಂಗೆ ಹೆದರ್ತವೆ! ನಮ್ಮ ನಾಯಿಗೆ ಇನ್ಯಾವ ಆಸೆ ಬೇಕು? ಏಳೇ, ಊಟಕ್ಕೆ ಬಡಿಸು."

ತಂಗಿ ಬಡಿಸಿದಳು. ಅಮ್ಮ ತಿಂದಳು. ಆ "ಛೂ" ಅಂದದ್ದು ಯಾರು ಎಂಬ ಜಗಳ ಊಟದ ಮಧ್ಯೆ ಶುರುವಾಯಿತು. ಅದು ಅಪ್ಪನ ಧ್ವನಿ ಎಂದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ನನಗೇ, "ಅದು ನಿಂದೇ ಧ್ವನಿ," ಎಂದರು. ತಂಗಿ ಮಾತ್ರ ಬೆರಳು ತೋರಿಸಿದ್ದು ಅಮ್ಮನ ಕಡೆಗೆ. ನಿಜವೇನಮ್ಮ ಎಂದು ಕೇಳಿದೆವು.

ಅಮ್ಮನ ಬಾಯಿ ತುಂಬ ಮುದ್ದೆ ಇತ್ತು.