ಪರದೆಯ ಆಚೆಯ ಕೆಮ್ಮು

...ಅಥವಾ ಆ ಜಗಳ ಮೊಟ್ಟೆಗಾಗಿ ಆಗಿರಲೇ ಇಲ್ಲವೇನೋ. ಮೊಟ್ಟೆ ಈ ಕಥೆಗೆ ತೀರಾ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನೆನಪು ಹೇಳುವುದು ಹೀಗೆ: ನನ್ನ ಮಗ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ತಿಂದ ಸುದ್ದಿ ಶಿರಹಟ್ಟಿಯಲ್ಲಿದ್ದ ಕಾಕಾನ ಬಟ್ಟೆ ಅಂಗಡಿ ಮುಟ್ಟಿತು. ಕಾಕಾ ಎಂದರೆ ನಮ್ಮಪ್ಪನ ತಮ್ಮ, ನಮ್ಮ ಮನೆತನದ ಸಸ್ಯಾಹಾರಕ್ಕೆ ತನ್ನನ್ನು ತಾನೇ ನೇಮಿಸಿಕೊಂಡ ಕಾವಲುಗಾರ. ಯಾರದೋ ಕುಬಸದ, ಅಂದರೆ ಸೀಮಂತದ, ಊಟದಲ್ಲಿ ನನ್ನ ಎಲೆ ತೋರಿಸಿ, ಪಂಕ್ತಿಯವರೆಲ್ಲ ಕೇಳುವಂತೆ ಬಡಿಸುವವನಿಗೆ ಅಂದ: "ಇವಗ್ಯಾಕ ಹೋಳಿಗಿ ಹಾಕ್ತಿ? ಆಮ್ಲೆಟ್ ಹಾಕು."

ಮಾತು ಅದೇ ಇರಲಿ, ಬೇರೆಯೇ ಇರಲಿ, ನಾವಿಬ್ಬರೂ ಮಾತು ಬಿಟ್ಟದ್ದು ಮಾತ್ರ ನಿಜ. ಅದಕ್ಕೆ ನಮ್ಮಿಬ್ಬರ ಹೆಂಡಂದಿರೂ ಸಾಕ್ಷಿ.

ನಾನಾಗ ಗದಗಿನಲ್ಲಿ ಮನೆ ಮಾಡಿಕೊಂಡು ಮುಂಡರಗಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಗಣಿತದ ಮಾಸ್ತರ. ಗದಗು ಧಾರವಾಡದಿಂದ ಬೇರೆಯಾಗಿ ಬಹಳ ವರ್ಷವಾಗಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಇನ್ನೂ "ಹೊಸ ಜಿಲ್ಲಾ" ಆಗಿತ್ತು. ಒಂದು ಚಳಿಗಾಲ ನನಗೆ ಕೆಮ್ಮು ಹತ್ತಿತು. ಸಂಜೆಯಾದರೆ ಜ್ವರ, ಪ್ಯಾಂಟು ಸೊಂಟದಲ್ಲಿ ನಿಲ್ಲದು. ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ಎಲ್ಲರಿಗೂ ಕೊಡುವ ಗುಳಿಗೆಗಳಲ್ಲಿ ಮುಖ್ಯವಾದ ಒಂದಕ್ಕೆ ನನ್ನ ರೋಗಾಣು ಬಗ್ಗುತ್ತಿಲ್ಲ ಎಂದು ತಿಳಿದ ಮೇಲೆ, ಬೇರೆ ಗುಳಿಗೆ ಶುರು ಮಾಡಿ, ಕಫವನ್ನು ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಆ ರೋಗಾಣುವನ್ನು ಬೆಳೆಸಿ, ಅದರ ವಂಶವಾಹಿಯ ಅಕ್ಷರಗಳನ್ನು ಮೊದಲಿನಿಂದ ಕೊನೆಯತನಕ ಓದುತ್ತಾರಂತೆ. ನನ್ನ ಬಗ್ಗೆ ಯಾರೂ ಅಷ್ಟು ಶ್ರದ್ಧೆಯಿಂದ ಏನನ್ನೂ ಓದಿರಲಿಲ್ಲ.

ಕೆಲವು ತಿಂಗಳ ಮೇಲೆ ಕ್ಷಯರೋಗ ವಿಭಾಗದ ಮೇಲ್ವಿಚಾರಕ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ಇಯತ್ತೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕಾಪಿ ಹೊಡೆಯುವಾಗ ನನ್ನ ಕೈಗೇ ಸಿಕ್ಕಿಬಿದ್ದವನು.

"ಸರ್, ಇಬ್ಬರು ಹುಡುಗೂರು ಒಂದ ಸರಿ ಉತ್ತರ ಬರದ್ರ ನೀವು ಸುಮ್ನಿರತಿದ್ರಿ. ಇಬ್ಬರೂ ಒಂದ ತಪ್ಪು ಬರದ್ರ?"

"ಕಾಪಿ."

"ನನ್ನ ಹಂಗ ಹಿಡದಿದ್ರಿ. ಈ ರೋಗಾಣೂನೂ ಹಂಗರಿ. ತನ್ನ ತಾನ ಕಾಪಿ ಮಾಡ್ಕೋತ ಬೆಳಿತೈತಿ. ಯಾವಾಗರ ಒಮ್ಮೆ ಒಂದು ಅಕ್ಷರ ತಪ್ಪತೈತಿ. ನಿಮ್ಮದರಾಗಿನ ತಪ್ಪು, ಶಿರಹಟ್ಟಿಯವರೊಬ್ಬರದರಾಗಿನ ತಪ್ಪು, ಒಂದೂ ಬಿಡದಂಗ ಕೂಡತಾವ. ಗುಳಿಗಿಗೆ ಬಗ್ಗದಂಗ ಮಾಡಿದ ತಪ್ಪೂ ಅದರಾಗ ಐತಿ."

"ಯಾರವರು?"

"ಹೆಸರು ಹೇಳಂಗಿಲ್ರಿ." ಅವನು ಚಹಾ ಹೀರಿದ. "ಮನೆತನದ ಅಡ್ಡಹೆಸರು ನಿಮ್ಮದ ಐತಿ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವುದಕ್ಕೋ ಅಳುವುದಕ್ಕೋ ತಿಳಿಯಲಿಲ್ಲ. ಕಾಕಾನಿಗೂ ಕ್ಷಯ ಎಂಬ ಖಬರು ಲಕ್ಷ್ಮೇಶ್ವರದ ಅವಳ ತವರಿನಿಂದ ಆಗಲೇ ಬಂದಿತ್ತು.

"ಇಬ್ಬರೂ ಎಲ್ಲಿ ಜೋಡಿ ಕುಂತಿದ್ರಿ ಸರ್?"

"ಎಲ್ಲೀ ಇಲ್ಲ. ನಾವು ಮಾತು ಬಿಟ್ಟೀವಿ."

"ರೋಗಾಣು ಬಿಟ್ಟಿಲ್ಲಲ್ರಿ."

ಹೋಗುವಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನೀವು ಕೂತ ಜಾಗದಲ್ಲಿ ಇನ್ನೂ ಯಾರಾದರೂ ಕೆಮ್ಮುತ್ತಿರಬಹುದು, ಅವರಿಗೆ ನಾಟದ ಗುಳಿಗೆ ಕೊಟ್ಟು ಕಾಲ ಕಳೆದರೆ ಶ್ವಾಸಕೋಶ ಉಳಿಯುವುದಿಲ್ಲ, ನೆನಪು ಮಾಡಿಕೊಳ್ಳಿ ಎಂದ.

ನೆನಪು ಮಾಡಿಕೊಳ್ಳುವುದೇನಿತ್ತು? ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಓಣಿಯಲ್ಲಿ ಮಾಂಸದ ಖಾನಾವಳಿ. ನಡೆಸುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಡುಗೆಮನೆಯ ಹಿಂದೆ ತಗಡು ಅಡ್ಡ ಹಾಕಿ ಮಾಡಿದ ಸಣ್ಣ ಖೋಲಿಗಳು, ಒಂದೊಂದಕ್ಕೂ ಒಂದು ಪರದೆ. ಮನೆಯಲ್ಲಿ ಉಳ್ಳಾಗಡ್ಡಿಗೂ ಮುಖ ಸಿಂಡರಿಸುವ ನನ್ನಂಥ ಮರ್ಯಾದಸ್ಥರು ಅಲ್ಲಿ ಬಗ್ಗಿ ಉಣ್ಣುತ್ತಿದ್ದೆವು. ಕಿಟಕಿ ಇರಲಿಲ್ಲ. ಕಿಟಕಿ ಇದ್ದರೆ ನಾವು ಹೋಗುತ್ತಲೇ ಇರಲಿಲ್ಲ. ಒಗ್ಗರಣೆಯ ಖಾರದ ಘಾಟಿಗೆ ಒಳಗೆ ಬಂದವರು ಕೆಮ್ಮುವರು, ಉಂಡವರು ಕೆಮ್ಮುವರು, ಅಕ್ಕ ತಾನೂ ಕೆಮ್ಮುವಳು. ಆ ಮನೆಯಲ್ಲಿ ಕೆಮ್ಮು ಎಂದರೆ ಸಾರು ಚೆನ್ನಾಗಿದೆ ಎಂದು ಹೊಗಳಿದ ಹಾಗೆ. ಆದರೆ ನಾನು ಕೊನೆಯ ಸಲ ಹೋದಾಗ ಒಲೆ ಆರಿತ್ತು, ಅಕ್ಕ ಕೆಮ್ಮುತ್ತಿದ್ದಳು.

ಹೇಳಿದರೆ ಮನೆಯಲ್ಲಿ ನನ್ನ ಮಾನ ಹೋಗುತ್ತದೆ. ಅದಿರಲಿ, "ಟಿಬಿ ಖಾನಾವಳಿ" ಎಂದು ಹೆಸರಾದರೆ ಅಕ್ಕನ ಒಲೆಯೇ ಆರುತ್ತದೆ. ಹೇಳದಿದ್ದರೆ ಅಕ್ಕನೇ ಉಳಿಯಲಿಕ್ಕಿಲ್ಲ. ಮರುದಿನ ಶಿರಹಟ್ಟಿಯ ಬಸ್ಸು ಹತ್ತಿದೆ.

ಕಾಕಾ ಗಾದಿಯ ಮೇಲೆ ಕುಳಿತು ಧೋತರ ಮಡಚುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ನನ್ನನ್ನು ನೋಡಿ, ನಮ್ಮ ಮಾತಿಗೆ ಅಡ್ಡಿಯಾಗದಿರಲೆಂದೋ ಏನೋ, ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು.

"ನಾವಿಬ್ಬರೂ ಎಲ್ಲಿ ಜೋಡಿ ಕುಂತಿದ್ವಿ ಅಂತ ಕೇಳಾಕತ್ತಾರ," ಅಂದೆ.

ಕಾಕಾ ಧೋತರದಿಂದ ಕಣ್ಣೆತ್ತಲಿಲ್ಲ. "ನೀ ನಡುವಿನ ಖೋಲ್ಯಾಗ. ನಾ ನಿನ್ನ ಬಾಜೂಕ."

ನಾನು ಗಾದಿಯ ಅಂಚಿಗೆ ಕುಳಿತೆ. "ನಿನಗ ಹೆಂಗ ಗೊತ್ತು?"

"ಕೆಮ್ಮಿಂದ ಗುರ್ತ ಹಿಡದೆ. ನಿಮ್ಮಪ್ಪನೂ ಹಂಗ ಕೆಮ್ಮತಿದ್ದ, ಜಗಳ ತಗದಂಗ."

"ಮತ್ತ ಮಾತಾಡಸಬಾರದಿತ್ತ?"

"ಮಾತು ಬಿಟ್ಟಿದ್ವಲ್ಲೋ."

"ಕುಬಸದಾಗ ನನಗ ಆಮ್ಲೆಟ್ ಹಾಕಸಾಕ ಹೊಂಟಿದ್ದಿ."

"ಅದು ತತ್ತಿ. ಇದು ಬ್ಯಾರೆ."

ಈ ಸಂಭಾಷಣೆ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಮುಂದೊಮ್ಮೆ ಕಾಕಾ, ತಾನು ಗುರುತು ಹಿಡಿದದ್ದು ಕೆಮ್ಮಿನಿಂದಲ್ಲ, ಹೊರಗೆ ಬಿಟ್ಟಿದ್ದ ಚಪ್ಪಲಿಯಿಂದ ಎಂದ. ನನಗೆ ಕೆಮ್ಮೇ ಇಷ್ಟವಾದ್ದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಅವನು ನಂತರ ಅಂದದ್ದು ಸ್ಪಷ್ಟವಾಗಿ ನೆನಪಿದೆ: "ಅಕ್ಕ ಬಾಳ ಸೊರಗ್ಯಾಳ. ನನ್ನ ಮಾನ ಹೋದ್ರ ಹೋಗಲಿ, ಹೇಳಿಬಿಡೂಣು." ಚಿಗವ್ವ ಚಹಾ ತಂದು ಇಟ್ಟು, "ಯಾವ ಅಕ್ಕ?" ಎಂದಳು. ಕಾಕಾ ಅವತ್ತು ಏನು ಹೇಳಿದನೋ ನಾನು ಕೇಳಿಸಿಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಆಗಿರದಿದ್ದರೂ ಆಗುತ್ತಿತ್ತು.

ಮೇಲ್ವಿಚಾರಕನಿಗೆ ಒಂದೇ ಷರತ್ತು ಹಾಕಿದೆವು: ಇಲಾಖೆಯ ಚೀಲ ಹಿಡಿದು ಬರಬಾರದು, ಉಣ್ಣುವವನ ಹಾಗೆ ಬರಬೇಕು. ಅವನು ಹಾಗೇ ನಮ್ಮಿಬ್ಬರ ಜೊತೆ ಬಂದ. ಉಂಡ, ಎರಡನೆಯ ಸಲ ಹಾಕಿಸಿಕೊಂಡ, ಆಮೇಲೆ ಕಫದ ಡಬ್ಬಿ ತೆಗೆದ.

"ನನ್ನ ಖಾರದ ಮುಂದ ಯಾವ ರೋಗಾಣು ಉಳಿತೈತ್ರಿ?" ಅಂದಳು ಅಕ್ಕ.

"ಗುಳಿಗಿಗೇ ಬಗ್ಗಿಲ್ಲಕ್ಕ ಇದು. ನಿಮ್ಮ ಖಾರಕ್ಕ ಬಗ್ಗತೈತೇನು?"

ಅಕ್ಕ ನಮ್ಮಿಬ್ಬರನ್ನೂ ಅಳೆಯುವಂತೆ ನೋಡಿದಳು. "ನೀವು ಕಾಕಾ-ಮಗ ಅಂತ ಮೊದಲ ಹೇಳಿದ್ರ ನಡುವಿನ ತಗಡರ ತಗಸ್ತಿದ್ದೆ. ತೊಳಿಯೂ ತಟ್ಟಿ ಒಂದು ಉಳಿತಿತ್ತು." ಆಮೇಲೆ ಡಬ್ಬಿ ಇಸಿದುಕೊಂಡು ಹಿತ್ತಲಿಗೆ ಹೋದಳು.

ಅವಳಿಗೂ ಅದೇ ಇತ್ತು. ನಮ್ಮ ರೋಗಾಣುವಿನ ಅಕ್ಷರಗಳನ್ನು ಮೊದಲೇ ಓದಿದ್ದರಿಂದ ಯಾವ ಗುಳಿಗೆ ದಂಡ ಎಂದು ತಿಳಿದಿತ್ತು, ನಾಟುವುದನ್ನೇ ಮೊದಲಿನಿಂದ ಕೊಟ್ಟರು. "ಸುಣ್ಣ ಬಣ್ಣ ನಡೆದಿದೆ" ಎಂದು ಬೋರ್ಡು ಹಾಕಿ ಖಾನಾವಳಿ ಕೆಲವು ತಿಂಗಳು ಮುಚ್ಚಿತು. ಅಕ್ಕ ಗುಣವಾದಳು. ತೆರೆದಾಗ ತಗಡುಗಳಿರಲಿಲ್ಲ, ಹಿಂದಿನ ಗೋಡೆಗೆ ದೊಡ್ಡ ಕಿಟಕಿ ಬಂದಿತ್ತು. ಮರ್ಯಾದಸ್ಥರಲ್ಲಿ ಬಹಳ ಮಂದಿ ಬರುವುದನ್ನು ಬಿಟ್ಟರು. ಕಾಕಾ ಮತ್ತು ನಾನು ಹೋಗುತ್ತೇವೆ. ಒಂದೇ ಮೇಜು. ಹೆಚ್ಚು ಮಾತಾಡುವುದಿಲ್ಲ.

ಅಕ್ಕನ ರೋಗಾಣುವಿನ ಅಕ್ಷರಗಳೂ ಬಂದವು. ನಮ್ಮ ತಪ್ಪುಗಳೆಲ್ಲ ಅದರಲ್ಲಿದ್ದವು, ಮೇಲೆ ಒಂದು ಹೆಚ್ಚಿನ ತಪ್ಪು. "ಅಂದರ ನಮ್ಮಿಂದ ಅಕಿಗೆ ಹೋತಲ್ಲ?" ಎಂದು ಕೇಳಿದೆ. ಗಣಿತದವನಿಗೆ ಹಾಗೇ ತೋರುತ್ತದೆ. ನನ್ನ ವಿದ್ಯಾರ್ಥಿ ತಲೆಯಾಡಿಸಿದ. ಹಾಗೂ ಇರಬಹುದು. ಅವಳಿಂದಲೇ ನಿಮಗಿಬ್ಬರಿಗೂ ಬಂದು, ಆಮೇಲೆ ಅವಳೊಳಗೆ ಒಂದಕ್ಷರ ತಪ್ಪಿರಲೂಬಹುದು. ಇಲ್ಲವೇ ಅಲ್ಲಿ ಉಂಡುಹೋದ ಇನ್ನಾರೋ ಒಬ್ಬರು ನಿಮ್ಮ ಮೂವರಿಗೂ ಕೊಟ್ಟಿರಬಹುದು. ಅಕ್ಕನಿಗೆ ಉಂಡುಹೋದವರ ಮುಖಗಳು ಗೊತ್ತು, ಊರು ಹೆಸರು ಗೊತ್ತಿಲ್ಲ. ಬಂದು ಪರೀಕ್ಷೆ ಮಾಡಿಸಿಕೊಂಡವರು ಕೆಲವರು, ಬಾರದವರು ಎಷ್ಟೋ.

ನನ್ನದಕ್ಕೂ ಕಾಕಾನದಕ್ಕೂ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಆದ್ದರಿಂದ ಅವಳಿಗೆ ನಾನು ಕೊಟ್ಟೆನೋ, ಅವನು ಕೊಟ್ಟನೋ, ಅವಳೇ ನಮಗೆ ಕೊಟ್ಟಳೋ, ನನಗೆ ಗೊತ್ತಿಲ್ಲ.